ಟಿವಿಯ ಕೆಂಪು ದೀಪ

ಪೂನಂ,

ನಾ ಹುಮನಾಬಾದಿಗೆ ಹೊಂಟೀನಿ. ರಿಮೋಟಿನಿಂದ ಬಂದ್ ಮಾಡಿದ್ರೂ ಟಿವಿ ಕೆಂಪು ದೀಪ ಕರೆಂಟ್ ತಿಂತದ, ಬೋರ್ಡಿನ ಸ್ವಿಚ್ಚೇ ಬಂದ್ ಮಾಡಬೇಕು ಅಂತ ನಿನ್ನೆ ನಿನಗ ಭಾಷಣ ಹೊಡದ ಶಾಣ್ಯಾ ನಾನೇ, ಟಿವಿದು ಅಂತ ಫ್ರಿಜ್ಜಿನ ಸ್ವಿಚ್ ಬಂದ್ ಮಾಡಿ ಮಲಗೀನಿ. ಮುಂಜಾನಿ ನೋಡಿದ್ರ ಬರ್ಫ್ ಕರಗಿ ನೀರು ಹರದದ, ಇವತ್ತು ಕುರಿಗೆ ಹಾಕಬೇಕಾದ ಲಸಿಕೆ ಬೆಚ್ಚಗಾಗೇದ. ಟಿವಿ ದೀಪ ಮಾತ್ರ ಆರಾಮ ಉರಿಯಾಕತ್ತದ.

ಆ ಲಸಿಕೆ ಯಾವ ಕುರಿಗೂ ಹಾಕಿಸಬ್ಯಾಡ.

ಹಾಲು ಕಾಸಿ ನೋಡು, ಒಡದ್ರ ನನಗ ಬೈದು ಚೆಲ್ಲು.

ದನದ ಡಾಕ್ಟರಿಗೆ ಕೈ ಮುಗದು ಬ್ಯಾರೆ ಲಸಿಕೆ ತರ್ತೀನಿ. ಕೇಳಿದ್ರ, ಕರೆಂಟ್ ಹೋಗಿತ್ತು ಅಂತೀನಿ.

ಫ್ರಿಜ್ಜಿನ ಸ್ವಿಚ್ಚಿಗೆ ಟೇಪ್ ಹಚ್ಚೀನಿ, ಕೀಳಬ್ಯಾಡ. ಮನ್ಯಾಗ ಮತ್ಯಾರಿಗೂ ಆ ಟೇಪಿನ ಜರೂರತ್ ಇಲ್ಲ, ನನಗ ಅದ.

ಕಲ್ಲಿನಾಥ