ಕಾಯುವ ಕೋಣೆಯ ಜರ್ಬಿಲ್‌ಗಳು

ಹಲ್ಲಿನ ಡಾಕ್ಟರಿಗೆ ನಮಸ್ಕಾರ.

ಕಾಯುವ ಕೋಣೆಯಲ್ಲಿರುವ ಎರಡು ಜರ್ಬಿಲ್ ಇಲಿಗಳಲ್ಲಿ ಚಿಕ್ಕದರ ಬಾಲಕ್ಕೆ ಗಾಯವಾದದ್ದು ಹೇಗೆಂದು ಕೇಳಿದ್ದಿರಿ. ಕಚ್ಚಿದ್ದು ದೊಡ್ಡದು. ಚಿಕ್ಕದು ಬಂದಾಗಿನಿಂದ ಅದು ನೀರಿನ ಬಾಟಲಿಗೆ ಅಡ್ಡ ಕೂರುತ್ತದೆ, ಚಿಕ್ಕದರ ಬೆನ್ನೇರಿ ಮೂಲೆಗೆ ಅಟ್ಟುತ್ತದೆ. ಮೊದಲು ದೊಡ್ಡದನ್ನು ಅಂಗೈಯಲ್ಲಿಟ್ಟು ಮಾತಾಡಿಸುತ್ತಿದ್ದವರು ನೀವೇ. ಈಗ ಚಿಕ್ಕದನ್ನಷ್ಟೇ ಎತ್ತಿಕೊಳ್ಳುತ್ತೀರಿ.

ಅಪಾಯಿಂಟ್‌ಮೆಂಟ್ ಪುಸ್ತಕ ಸಿಗುತ್ತಿಲ್ಲವೆಂದು ಹೊಸ ಸಹಾಯಕಿ ಹೇಳಿರಬಹುದು. ಅದು ನನ್ನ ಡ್ರಾಯರ್‌ನಲ್ಲಿದೆ. ಬೀಗ ಹಾಕಿದ್ದು ನಾನೇ. ಹನ್ನೊಂದು ವರ್ಷ ಅದರಲ್ಲಿ ನನ್ನದೊಂದೇ ಕೈಬರಹವಿತ್ತು. ಅವಳ ಅಕ್ಷರ ಮುತ್ತಿನಂತಿದೆ ಎಂದು ನೀವು ರೋಗಿಗಳೆದುರೇ ಹೇಳಿದಿರಿ.

ನಿನ್ನೆ ಇಲಿಯ ಗಾಯಕ್ಕೆ ಮುಲಾಮು ಹಚ್ಚುತ್ತಾ ಅವಳು, "ಅಕ್ಕಾ, ನೀವಿನ್ನೂ ಕಚ್ಚಿಲ್ವಲ್ಲ, ನನ್ನ ಪುಣ್ಯ!" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ದಯವಿಟ್ಟು ಚಿಕ್ಕದನ್ನು ಯಾರಿಗೂ ಕೊಟ್ಟುಬಿಡಬೇಡಿ. ಪೆಟ್ಟಿಗೆಯ ನಡುವೆ ಜಾಲರಿ ನಿಲ್ಲಿಸಿ, ದಿನವೂ ಎರಡರ ಬದಿ ಅದಲುಬದಲು ಮಾಡಿದರೆ ಒಂದರ ವಾಸನೆ ಇನ್ನೊಂದಕ್ಕೆ ರೂಢಿಯಾಗುತ್ತದಂತೆ. ಜಾಲರಿ ತಂದಿಟ್ಟಿದ್ದೇನೆ.

ನಾಳೆ ಮುಂಬಾಗಿಲ ಬಳಿಯ ನನ್ನ ಮೇಜಿನಲ್ಲಿ ಅವಳು ಕೂರಲಿ; ಒಳಗೆ ಉಪಕರಣ ತೊಳೆಯುವ ಕೆಲಸ ನಾನು ನೋಡಿಕೊಳ್ಳುತ್ತೇನೆ. ನಾಡಿದ್ದು ನನ್ನ ಕುರ್ಚಿ ನನಗೆ, ಒಳಗಿನ ಕೆಲಸ ಅವಳಿಗೆ. ಡ್ರಾಯರ್‌ನ ಕೀಲಿ ಈ ಲಕೋಟೆಯಲ್ಲಿದೆ.

ಇಂತಿ,
ಮುಂಬಾಗಿಲ ಮೇಜಿನವಳು