ಮೂರನೇ ಡ್ರಮ್ಮಿನ ತಿರುವು

ಭಾನುವಾರ, ಮಾರ್ಚ್ ೧೪

ನನ್ನ ಗಿರಗಿಟ್ಲೆಗೆ,

ಅಪ್ಪನ ಆಶೀರ್ವಾದಗಳು. ಈ ಕಾಗದ ಹೋದ ತಿಂಗಳೇ ನಿನ್ನ ಕೈ ಸೇರಬೇಕಿತ್ತು. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ‘ಇಲ್ಲಿ ಎಲ್ಲರೂ ಕ್ಷೇಮ’ ಎಂದು ಬರೆದು ಪೆನ್ನು ಮುಚ್ಚಿದೆ. ಫೋನಿನಲ್ಲಿ ಹೇಳೋಣವೆಂದರೆ ನನ್ನ ದನಿ ಕೇಳಿದ ಕೂಡಲೇ ನೀನು ‘ಅಮ್ಮಂಗೆ ಕೊಡು’ ಅನ್ನುತ್ತೀಯ. ಕೊಡುತ್ತೇನೆ. ಹದಿನಾಲ್ಕು ತಿಂಗಳಿಂದ ಈ ಮನೆಯಲ್ಲಿ ನನ್ನದು ಅದೇ ಉದ್ಯೋಗ.

ವೆಲ್ಡಿಂಗ್ ಶೆಡ್ಡಿಗೆ ಹೊಸ ತಗಡು ಹಾಕಿಸಿದೆ. ನಿನ್ನ ಹಾಯಿಗಾಡಿಯನ್ನು ಸೋರದ ಮೂಲೆಗೆ ಸರಿಸಿದ್ದೇನೆ. ಮೂರು ಚಕ್ರಕ್ಕೂ ಗಾಳಿ ತುಂಬಿ, ಬೇರಿಂಗಿಗೆ ಗ್ರೀಸ್ ಹಚ್ಚಿ, ಹಳದಿ ಹಾಯಿಯನ್ನು ಸಿಹಿನೀರಿನಲ್ಲಿ ತೊಳೆದು ಸುತ್ತಿಟ್ಟಿದ್ದೇನೆ. ನಿನ್ನಮ್ಮ ಬಾಗಿಲಲ್ಲಿ ನಿಂತು, ‘ಇಂಜಿನ್ನಿಲ್ಲ, ಬ್ರೇಕಿಲ್ಲ, ಗಾಳಿ ನಂಬ್ಕೊಂಡು ಮರಳ ಮೇಲೆ ಓಡೋ ಗಾಡಿಗೆ ಇಷ್ಟು ಸೇವೆ. ನಂಗೆ ಒಂದು ದಿನ ಮಾಡಿದ್ರೆ ಸಾಕಾಗಿತ್ತು’ ಎಂದು ಚುಚ್ಚಿದಳು. ಅವಳ ಮಂಡಿನೋವು ಈಗ ಪರವಾಗಿಲ್ಲ.

ಇನ್ನು ಮುಖ್ಯ ಸುದ್ದಿ. ಬಲಗಣ್ಣಿನ ಪೊರೆ ತೆಗೆಸಿದೆ. ಗಾಬರಿಯಾಗಬೇಡ, ಅರ್ಧ ಗಂಟೆಯ ಕೆಲಸ. ಕಣ್ಣಿನ ಡಾಕ್ಟರಮ್ಮ ಮೊದಲ ದಿನ ದೀಪ ಬಿಟ್ಟು ನೋಡಿ, ‘ಎರಡೂ ಕಣ್ಣಲ್ಲೂ ಪೊರೆ! ಎಷ್ಟು ದಿನದಿಂದ ಹೀಗೇ ಓಡಾಡ್ತಿದ್ರಿ?’ ಎಂದು ಗದರಿದರು. ‘ಎರಡು ವರ್ಷ ಆಗಿರಬಹುದು’ ಅಂದೆ. ಪಕ್ಕದಲ್ಲಿದ್ದ ನಿನ್ನಮ್ಮ ಬೆರಳು ಮಡಚಿ ತಿಂಗಳು ಲೆಕ್ಕ ಹಾಕಿದಳು. ಮನೆಗೆ ಬಂದು ಚಪ್ಪಲಿ ಬಿಟ್ಟವಳೇ ಒಂದೇ ಮಾತು ಕೇಳಿದಳು. ‘ರೀ, ಆವತ್ತು ಕಣ್ಣಿಗೆ ಎಣ್ಣೆ ಬಿಟ್ಕೊಂಡು ನೋಡಿದ್ದೆ ಅಂದ್ರಲ್ಲ?’

ಆವತ್ತಿನದನ್ನು ನಿನಗೆ ನೆನಪಿಸಬೇಕಾಗಿಲ್ಲ, ಆದರೆ ನನ್ನ ಬಾಯಿಂದಲೇ ಬರಬೇಕು. ನಮ್ಮ ಹಾಯಿಗಾಡಿ ಸಂಘದ ಪಂದ್ಯದಲ್ಲಿ ಮೂರನೇ ಡ್ರಮ್ಮಿನ ತಿರುವಿಗೆ ನಾನು ತೀರ್ಪುಗಾರ. ಗಾಡಿ ಡ್ರಮ್ಮಿನ ಹೊರಗಿನಿಂದಲೇ ಸುತ್ತಬೇಕು. ಒಳಗಿನಿಂದ ನುಸುಳಿದರೆ ಕೆಂಪು ಬಾವುಟ, ಆಟ ಮುಗಿಯಿತು. ಎಲ್ಲರಿಗಿಂತ ಮುಂದೆ ನೀನು ಬಂದೆ. ನಾನು ಬಾವುಟ ಎತ್ತಿದೆ. ನೀನು ಹಾಯಿ ಇಳಿಸಿ, ಮುಖಕ್ಕೆ ಮೆತ್ತಿದ ಮರಳನ್ನೂ ಒರೆಸಿಕೊಳ್ಳದೆ ನನ್ನ ಕುರ್ಚಿಯ ಹತ್ತಿರ ಬಂದು, ‘ಅಪ್ಪಾ, ನಾನು ಹೊರಗಿಂದಾನೇ ಬಂದೆ. ನೀನು ನೋಡಿದ್ಯಾ?’ ಎಂದು ಕೇಳಿದೆ. ‘ನೋಡಿದೆ’ ಅಂದೆ. ನಿನ್ನ ಹಿಂದಿದ್ದ ಡ್ರಾಯಿಂಗ್ ಮೇಷ್ಟ್ರಿಗೆ ಕಪ್ ಹೋಯಿತು. ನೀನು ಆ ವಾರವೇ ಬೇರೆ ಊರಿನಲ್ಲಿ ಕೆಲಸ ಹುಡುಕಿಕೊಂಡು ಹೊರಟೆ.

ಹೋದ ವಾರ, ಸಮುದ್ರ ಹಿಂದೆ ಸರಿದ ಹೊತ್ತಿಗೆ, ನಿನ್ನ ಸೋದರಮಾವನನ್ನು ಅವನ ಗಾಡಿಯ ಸಮೇತ ಎಳೆದುಕೊಂಡು ಹೋಗಿ ಅದೇ ಜಾಗದಲ್ಲಿ ಡ್ರಮ್ಮಿಟ್ಟು ಕುರ್ಚಿ ಹಾಕಿಕೊಂಡೆ. ‘ಮನಸ್ಸು ಬಂದ ಹಾಗೆ ಒಳಗಿಂದ, ಹೊರಗಿಂದ ಓಡಿಸು, ನಂಗೆ ಹೇಳಬೇಡ’ ಅಂದೆ. ಹೊಸ ಕಣ್ಣಿಗೆ ಚಕ್ರದ ಕಡ್ಡಿಗಳೂ ಕಂಡವು. ಅದನ್ನು ಅಂಗೈಯಿಂದ ಮುಚ್ಚಿಕೊಂಡು ಹಳೆಯ ಕಣ್ಣಿನಲ್ಲಿ ನೋಡಿದೆ. ಒದ್ದೆ ಮರಳಿನ ಮೇಲೆ ಬಿಸಿಲು ಬೆಳ್ಳಗೆ ಹೊಳೆಯಿತು, ಅದರೊಳಗೆ ಹಾಯಿಯ ಬಣ್ಣವೊಂದು ಹಾದುಹೋಯಿತು. ಡ್ರಮ್ಮೂ ಇಲ್ಲ, ಚಕ್ರವೂ ಇಲ್ಲ. ನಿನ್ನ ಮಾವ ಸೊಂಟ ಹಿಡಿದುಕೊಂಡು ಇಳಿದು, ‘ಭಾವ, ಒಂಬತ್ತು ಸುತ್ತು ಹೊಡೆಸಿದ್ರಿ. ಏನಾದ್ರೂ ಕಾಣಿಸ್ತಾ?’ ಅಂದ. ‘ಇಲ್ಲ ಕಣೋ’ ಅಂದೆ. ಅಷ್ಟು ಹೇಳುವಾಗ ಅಳು ಬಂತು. ಅವನು ಪಾಪ, ಗಾಡಿಯ ಹಗ್ಗ ಬಿಚ್ಚುವ ನೆಪದಲ್ಲಿ ಆ ಕಡೆ ತಿರುಗಿದ.

ಮೊನ್ನೆ ಸಂಘದ ಸಭೆಯಲ್ಲಿ ಎದ್ದು ನಿಂತು ಕಣ್ಣಿನ ವಿಷಯ ಹೇಳಿದೆ. ಬಾವುಟವನ್ನು ಮೇಜಿನ ಮೇಲಿಟ್ಟು ಬಂದೆ. ತೀರ್ಪು ತಿದ್ದಿದ್ದಾರೆ. ಮೇಷ್ಟ್ರು ತಾವಾಗಿಯೇ ಕಪ್ ತಂದುಕೊಟ್ಟು, ‘ಇದು ನಮ್ಮನೇಲಿ ಇದ್ದಷ್ಟು ದಿನ ಒರೆಸೋಕೂ ಮನಸ್ಸು ಬರಲಿಲ್ಲ’ ಅಂದರು. ಈಗ ಅದು ಫ್ರಿಜ್ಜಿನ ಮೇಲಿದೆ. ನಿನ್ನಮ್ಮ ಆಗಲೇ ಅದರಲ್ಲಿ ಬೀಗದ ಕೈಗಳನ್ನು ಹಾಕಿಡತೊಡಗಿದ್ದಾಳೆ, ಬೇಗ ಬಂದು ಬಿಡಿಸಿಕೊ.

ತಪ್ಪಾಯಿತು ಮಗಳೇ. ಹೊಟ್ಟೆಗೆ ಹಾಕಿಕೊ ಎನ್ನುವುದಕ್ಕೂ ನಾಚಿಕೆಯಾಗುತ್ತದೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ನಿದ್ದೆಗೆಡಬೇಡ. ನೀನು ಎಲ್ಲಿ ಹಾಯಿ ಬಿಚ್ಚಿದರೂ ಹದವಾದ ಗಾಳಿಯೇ ಸಿಗಲಿ.

ನಿನ್ನ
ಅಪ್ಪ

ತಾ.ಕ.: ಲಕೋಟೆ ಅಂಟಿಸಿದವನು ಮತ್ತೆ ಬಿಚ್ಚಿದೆ. ಸಭೆಯಲ್ಲಿ ಎಲ್ಲರೂ ‘ಪಾಪ, ಕಣ್ಣು’ ಅಂದರು. ನೀನೂ ಹಾಗೆ ಅಂದುಬಿಟ್ಟರೆ ನಾನು ತಪ್ಪಿಸಿಕೊಂಡ ಹಾಗೆ. ಸರಿಯಾಗಿ ಕಾಣದಿದ್ದರೆ ಬಾವುಟ ಎತ್ತಬಾರದು, ಗಾಡಿಯನ್ನು ಹೋಗಲು ಬಿಡಬೇಕು ಎಂಬುದು ನಿಯಮ. ಅದನ್ನು ಬರೆದವನು ನಾನೇ. ಆ ಬೆಳಿಗ್ಗೆ ಟೀ ಕುಡಿಯುವಾಗ ಯಾರೋ, ‘ಅಪ್ಪನ ಕೈಲಿ ಬಾವುಟ, ಮಗಳ ಕೈಲಿ ಹಗ್ಗ. ಕಪ್ ಯಾರಿಗೆ ಅಂತ ಕೇಳಬೇಕಾ?’ ಎಂದು ನಕ್ಕಿದ್ದರು. ಅದು ನನ್ನೊಳಗೆ ಮುಳ್ಳಿನ ಹಾಗೆ ಕೂತಿತ್ತು. ತಿರುವಿನಲ್ಲಿ ನನಗೆ ಚಕ್ರ ಕಾಣಲಿಲ್ಲ. ಹಳದಿ ಹಾಯಿ ಮಾತ್ರ ಕಂಡಿತು, ನೀನೆಂದು ಗೊತ್ತಾಯಿತು, ಎತ್ತಿದೆ. ಆ ಗಾಡಿಯಲ್ಲಿ ಬೇರೆ ಯಾರ ಮಗಳಿದ್ದಿದ್ದರೂ ನನ್ನ ಬಾವುಟ ತೊಡೆಯ ಮೇಲೆಯೇ ಇರುತ್ತಿತ್ತು.