ಮನೆಗೊಬ್ಬರ ಬೆರಳು

ಜನ್ನಾಪುರ, ಭದ್ರಾವತಿ
೯ ಮೇ ೨೦೨೪

ಪ್ರೀತಿಯ ಯಜಮಾನರಿಗೆ, ನಿಮ್ಮ ಬಿಂದುವಿನ ನಮಸ್ಕಾರ.

ನಿಮ್ಮ ಕೆಮ್ಮು ಹೇಗಿದೆ? ಸುರಂಗದೊಳಗೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀರೋ, ಇಲ್ಲ ಬೈಯಲು ನಾನಿಲ್ಲವೆಂದು ಹಾಗೇ ನುಗ್ಗುತ್ತೀರೋ? ಹಿಮಾಚಲದ ನಿಮ್ಮ ಕ್ಯಾಂಪಿಗೆ ಫೋನ್ ಹತ್ತುತ್ತಿಲ್ಲ. ಹತ್ತಿದರೂ ಅತ್ತೆ ಪಕ್ಕದಲ್ಲೇ ಕೂತಿರುತ್ತಾರೆ, ಇದು ಅವರೆದುರು ಹೇಳುವ ಮಾತಲ್ಲ. ಅವರ ಮಂಡಿನೋವು ಕಡಿಮೆಯಾಗಿದೆ. ನನಗೆ ಮಾತ್ರ ಅನ್ನ ಸೇರುತ್ತಿಲ್ಲ. ಭಯವಾಗಿದೆ ರೀ.

ಮೊನ್ನೆ ಓಟಿನ ದಿನವೂ ಮದುವೆ ಬಟ್ಟೆ ಬಾಕಿಯಿದೆ ಎಂದು ವಿದ್ಯಾನಗರದ ಹೊಲಿಗೆ ಅಂಗಡಿಯಲ್ಲಿ ರಜೆ ಕೊಡಲಿಲ್ಲ. ಸಂಜೆ ಶಿವಮೊಗ್ಗದಿಂದ ಬಂದು ಬಸ್ಸಿಳಿದವಳೇ ಮತಗಟ್ಟೆಗೆ ಹೋದೆ. ಪಟ್ಟಿ ನೋಡಿದ ಹುಡುಗಿ, ನಿಮ್ಮ ಓಟು ಬೆಳಿಗ್ಗೆಯೇ ಬಿದ್ದಿದೆ ಎಂದಳು. ನಾನು ಶಾಯಿಯಿಲ್ಲದ ಬೆರಳು ತೋರಿಸಿದೆ. ದೊಡ್ಡ ಅಧಿಕಾರಿ ಬಂದು, ಕಾರ್ಡ್ ನೋಡಿ ಖಾತ್ರಿ ಮಾಡಿಕೊಂಡು, ಮಿಷನ್ನಿನ ಬದಲು ಕಾಗದದ ಮತಪತ್ರ ಕೊಟ್ಟರು. ಟೆಂಡರ್ಡ್ ಓಟು ಅನ್ನುತ್ತಾರಂತೆ. ಗುರುತು ಹಾಕಿದ್ದನ್ನು ಕವರಿನಲ್ಲಿಟ್ಟು, ಕೋರ್ಟು ಕೇಳಿದರೆ ಮಾತ್ರ ಇದನ್ನು ತೆರೆಯುವುದು, ಇಲ್ಲದಿದ್ದರೆ ಎಣಿಕೆಗೆ ಬರುವುದಿಲ್ಲ ಎಂದರು. ನನ್ನ ಕೋಪ ನಿಮಗೆ ಗೊತ್ತಲ್ಲ. ಕಳ್ಳ ಓಟು ಹಾಕಿದವರನ್ನು ಹಿಡಿದು ಒಳಗೆ ಹಾಕಿ ಎಂದು ಅಲ್ಲೇ ದೂರು ಬರೆದು ಸಹಿ ಮಾಡಿ ಬಂದೆ.

ಮನೆಗೆ ಬಂದರೆ ಅತ್ತೆ ಕಾಫಿ ಕೊಟ್ಟರು. ಲೋಟ ಹಿಡಿದ ಬೆರಳಿನಲ್ಲಿ ಶಾಯಿ. ಕಾಗದನಗರದ ಕ್ವಾರ್ಟರ್ಸ್ ಬಿಟ್ಟ ಮೇಲೆ ಅವರ ಹೆಸರು ಪಟ್ಟಿಯಿಂದ ಹೋಗಿದೆ, ಓಟಿನ ದಿನ ಹೋಗಿ ಸೇರಿಸಲು ಬರುವುದಿಲ್ಲವಂತೆ, ಅದಕ್ಕೆ ಊಟ ಬಿಟ್ಟು ಕೂತಿದ್ದಾರೆ ಎಂದು ಹಿಂದೆ ಬರೆದಿದ್ದೆನಲ್ಲ. ದೇವರ ಗೂಡಿನಲ್ಲಿದ್ದ ನನ್ನ ಓಟಿನ ಚೀಟಿ, ಆಧಾರ್ ಕಾರ್ಡ್ ಹಿಡಿದು, ತಲೆ ತುಂಬ ಸೆರಗು ಹೊದ್ದು ಹೋಗಿದ್ದಾರೆ. ಆ ನೂಕುನುಗ್ಗಲಿನಲ್ಲಿ ಯಾರೂ ಮುಖ ನೋಡಲಿಲ್ಲವಂತೆ. "ನೀನು ಸುಸ್ತಾಗಿ ಬರ್ತೀಯ, ಮತ್ತೆ ಕ್ಯೂ ಯಾಕೆ ಅಂತ ನಿಂದು ನಾನೇ ಹಾಕ್ಬಂದೆ ಕಣೇ. ರೇಷನ್ ಅಂಗಡೀಲಿ ಮನೆಗೊಬ್ರು ಬೆರಳು ಕೊಟ್ರೆ ಸಾಕಲ್ವಾ?" ಎಂದರು. ಅವರ ಸಂತೋಷ ನೋಡಿ ಕಾಫಿ ಕುಡಿದು ಲೋಟ ತೊಳೆದಿಟ್ಟೆ.

ಅಂದಿನಿಂದ ರಸ್ತೆಯಲ್ಲಿ ಬೈಕ್ ನಿಂತರೂ ಪೊಲೀಸರೇನೋ ಎಂದು ಕಿಟಕಿಯಲ್ಲಿ ಇಣುಕುತ್ತೇನೆ. ಶಾಯಿ ಉಜ್ಜಿಕೊಳ್ಳಲಿ ಎಂದು ನಿಂಬೆಹಣ್ಣು ತಂದುಕೊಟ್ಟರೆ ಚಿತ್ರಾನ್ನ ಮಾಡಿಟ್ಟರು. ದೂರು ವಾಪಸ್ ತೆಗೆದುಕೊಳ್ಳಲು ಹೋದರೆ ಯಾಕೆ ಎಂದು ಕೇಳುತ್ತಾರೆ. ಸುಮ್ಮನಿದ್ದರೆ ಹುಡುಕಿಕೊಂಡು ಬರುತ್ತಾರೆ. ಇದಕ್ಕೆ ಜೈಲೂ ಆಗುತ್ತದೆ ಎಂದು ಪಕ್ಕದ ಮನೆಯ ಪದ್ಮಮ್ಮ ಹೇಳಿದರು. ಈ ವಯಸ್ಸಿನಲ್ಲಿ ಅವರನ್ನು ಕರೆದುಕೊಂಡು ಹೋದರೆ ನಾನು ಹೇಗೆ ಬದುಕಿರಲಿ? ದೂರು ಕೊಟ್ಟವಳು ನಾನೇ ಎಂದು ಅವರಿಗೆ ಇನ್ನೂ ಗೊತ್ತಿಲ್ಲ.

ಬೆಚ್ಚಗೆ ಇರಿ. ಅತ್ತೆ ನಿಮಗೆ ಆಶೀರ್ವಾದ ಬರೆಯಲು ಹೇಳಿದ್ದಾರೆ.

ನಿಮ್ಮ
ಬಿಂದುಶ್ರೀ

ತಾ.ಕ.: ಕವರು ಅಂಟಿಸುವಷ್ಟರಲ್ಲಿ ಪೊಲೀಸರು ಬಂದು ಹೋದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಬೆರಳು ಚಾಚಿ, "ನನ್ ಸೊಸೆ ಓಟು ಯಾರೂ ಕದ್ದಿಲ್ಲ ಕಣಪ್ಪಾ, ನಾನೇ ಜೋಪಾನವಾಗಿ ಹಾಕ್ಬಂದಿದೀನಿ" ಎಂದುಬಿಟ್ಟರು. ನಾಳೆ ಬೆಳಿಗ್ಗೆ ಇಬ್ಬರೂ ಸ್ಟೇಷನ್ನಿಗೆ ಹೋಗಬೇಕು. ಈ ಕಾಗದ ತಲುಪುವಷ್ಟರಲ್ಲಿ ಏನಾಗಿರುತ್ತದೋ, ಹೇಗಾದರೂ ಮಾಡಿ ಬನ್ನಿ. ಸೊಸೆಯ ಪರವಾಗಿ ಸಾಕ್ಷಿ ಹೇಳಬೇಕೆಂದು ಅವರು ರೇಷ್ಮೆ ಸೀರೆ ತೆಗೆದಿಡುತ್ತಿದ್ದಾರೆ.